ಬಂದೂಕಿನಿಂದ ತಲೆಗೇರಿದ ಕ್ಯಾಮೆರಾ

ವಿಮಾನದಿಂದ ಹಾರಿ, ತಾನೂ ಬೀಳುತ್ತಲೇ ಜೊತೆಗೆ ಬೀಳುವವರ ಫೋಟೋ ತೆಗೆಯುವ ಕಸುಬಿಗೆ ಹೆಚ್ಚು ವಯಸ್ಸಾಗಿಲ್ಲ. ಅರವತ್ತು, ಎಪ್ಪತ್ತು ವರ್ಷ ಅನ್ನಬಹುದು. ಆ ಕಸುಬಿನವರು ಆರಂಭದಲ್ಲಿ ಹೆಲ್ಮೆಟ್ಟಿಗೆ ಬಿಗಿದುಕೊಂಡ ಕ್ಯಾಮೆರಾ ಅವರಿಗೆಂದು ತಯಾರಾದದ್ದಲ್ಲ. ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನಗಳಲ್ಲಿ ಬಂದೂಕಿನ ಜೊತೆಗೆ ಕೂರಿಸಿದ್ದ 16 ಮಿಲಿಮೀಟರ್ ಫಿಲ್ಮಿನ ಪುಟ್ಟ ಪೆಟ್ಟಿಗೆ ಅದು. ಪೈಲಟ್ ಟ್ರಿಗರ್ ಒತ್ತಿದರೆ ಗುಂಡೂ ಹಾರುತ್ತಿತ್ತು, ಫಿಲ್ಮೂ ಓಡುತ್ತಿತ್ತು. ಗುಂಡು ಎಲ್ಲಿ ಬಿತ್ತು ಎಂಬುದಕ್ಕೆ ನೆಲದ ಮೇಲಿನವರಿಗೆ ಸಿಗುತ್ತಿದ್ದ ಸಾಕ್ಷಿ ಆ ಫಿಲ್ಮು. ಯುದ್ಧ ಮುಗಿದ ಮೇಲೆ ಇವು ಹಳೆ ಸಾಮಾನಿನ ಲೆಕ್ಕದಲ್ಲಿ ಅಗ್ಗಕ್ಕೆ ಮಾರಾಟವಾದವು. ಕೊಂಡವರಲ್ಲಿ ಸಿನಿಮಾದವರೂ ಇದ್ದರು, ಪ್ಯಾರಾಚೂಟ್ ಹುಚ್ಚಿನವರೂ ಇದ್ದರು.

ನಾನು ಪ್ಯಾರಾಚೂಟ್ ಹಾಕಿಕೊಂಡವನಲ್ಲ. ವಾಯುಪಡೆಯ ಫೋಟೋ ವಿಭಾಗದಲ್ಲಿ ಕತ್ತಲ ಕೋಣೆಯ ಕೆಂಪು ದೀಪದಡಿ ಯೌವನ ಕಳೆದು, ಆಮೇಲೆ ವಿರಾಜಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆದವನು. ಈಗ ಸ್ಟುಡಿಯೋ ಮುಚ್ಚಿದೆ. ಆದರೂ ಬಳಗದಲ್ಲಿ ಯಾರಿಗೆ ಕ್ಯಾಮೆರಾ ಬೇಕಾದರೂ ಮೊದಲು ನನಗೇ ಫೋನು ಬರುತ್ತದೆ. ಕಳೆದ ಕಕ್ಕಡ ತಿಂಗಳಲ್ಲಿ, ಹೊರಗೆ ಮಳೆ ಹಿಡಿದು ಬಡಿಯುತ್ತಿರುವಾಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ಕೇಳಿದಳು: “ಮಾವ, ಸ್ಕೈಡೈವಿಂಗ್ ಮಾಡುವಾಗ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ, ಯಾವ ಲೆನ್ಸ್ ತಗೊಳ್ಲಿ?” ಅವಳು ರಜೆ ಸಿಕ್ಕಾಗಲೆಲ್ಲ ಹೊರದೇಶಕ್ಕೆ ಹೋಗಿ ಹಾರುವುದನ್ನು ಕಲಿಯುತ್ತಿದ್ದಾಳೆ. ಅಂಗಡಿಯವನಾದರೆ ಮಾಡೆಲ್ ಹೆಸರು ಹೇಳಿ ಬಿಲ್ ಹರಿಯುತ್ತಿದ್ದ. ನನಗೆ ಆ ಪ್ರಶ್ನೆ ಕೇಳಿದ ಕೂಡಲೇ ನೆನಪಾದದ್ದು ಎರಡು ಫೋಟೋಗಳು. ಒಂದು ಇಲ್ಲದೇ ಹೋದ ಫೋಟೋ, ಇನ್ನೊಂದು ಬೇರೆಯವರದ್ದಾಗಿದ್ದ ಫೋಟೋ.

ಇಲ್ಲದ ಫೋಟೋ ನಮ್ಮ ಕೊಡಗಿನವರದ್ದೇ. ಮಡಿಕೇರಿಗೆ ಬಂದವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಪ್ರತಿಮೆಯನ್ನು ನೋಡಿರುತ್ತಾರೆ. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ನಂಬರ್ 1 ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ದಿನ ಹೆಚ್ಚುವರಿ ಪೈಲಟ್. ಗುಂಪಿನಲ್ಲಿ ಒಂದು ವಿಮಾನ ಕಡಿಮೆಯಾದಾಗ ಸೇರಿಕೊಂಡವರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ಪೆಟ್ಟು ತಿಂದ ಮಿಸ್ಟೇರ್‌ನಲ್ಲೇ ದೇವಯ್ಯ ತಿರುಗಿ ಬಿದ್ದು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಮರಳಲಿಲ್ಲ.

ಇಲ್ಲಿ ಮದ್ದುಗುಂಡಿನಷ್ಟೇ ಮುಖ್ಯವಾದದ್ದು ಫಿಲ್ಮು. ಯುದ್ಧವಿಮಾನದ ಪೈಲಟ್ “ನಾನು ಹೊಡೆದೆ” ಎಂದರೆ ಸಾಲದು. ಬಂದೂಕಿನ ಕ್ಯಾಮೆರಾದ ಫಿಲ್ಮು ಡೆವಲಪ್ ಆಗಿ, ಪರದೆಯ ಮೇಲೆ ಓಡಿ, ಮೇಲಿನವರು ತಲೆಯಾಡಿಸಬೇಕು. ವಿಮಾನವೇ ಮರಳದಿದ್ದರೆ ಹೇಳುವವನೂ ಇಲ್ಲ, ತೋರಿಸುವ ಫಿಲ್ಮೂ ಇಲ್ಲ. ಆದ್ದರಿಂದ ದೇವಯ್ಯನವರು ಬಹಳ ಕಾಲ ‘ಕಾಣೆಯಾದವರು’ ಅಷ್ಟೇ ಆಗಿದ್ದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ದಾಖಲೆ ನೋಡಿ ಬರೆದ ಪುಸ್ತಕದಿಂದ ಈ ಕಡೆಯವರಿಗೆ ವಿಷಯ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಹೊಡೆಸಿಕೊಂಡ ಪಕ್ಷದವರೇ ಕೊನೆಗೆ ಸಾಕ್ಷಿಯಾಗಬೇಕಾಯಿತು.

ಇನ್ನೊಂದು ಫೋಟೋ 1971ರದ್ದು. ಡಿಸೆಂಬರ್ 11ರಂದು ನಮ್ಮ ಸೇನೆಯ 2 ಪ್ಯಾರಾ ಬೆಟಾಲಿಯನ್ ಪೂರ್ವ ಪಾಕಿಸ್ತಾನದ ತಂಗೈಲ್ ಹತ್ತಿರ ಆಕಾಶದಿಂದ ಇಳಿಯಿತು. ಇಳಿದವರು ಸುಮಾರು 700 ಮಂದಿ. ಪತ್ರಿಕೆಗಳಿಗೆ ಕೊಡಲು ಆ ಇಳಿತದ ಚಿತ್ರ ಕೈಯಲ್ಲಿ ಇರಲಿಲ್ಲ. ಆಗ ಸೇನೆಯ ಪ್ರಚಾರದ ಹೊಣೆ ಹೊತ್ತಿದ್ದ ಐ. ರಾಮಮೋಹನ ರಾವ್, ಆಗ್ರಾದಲ್ಲಿ ಹಿಂದೆ ನಡೆದ ಅಭ್ಯಾಸದ ಫೋಟೋವನ್ನೇ ಬಿಡುಗಡೆ ಮಾಡಿದರು. ಆಕಾಶದ ತುಂಬ ಪ್ಯಾರಾಚೂಟ್. ಹೊರದೇಶದ ಪತ್ರಿಕೆಗಳು ಅದನ್ನು ದೊಡ್ಡದಾಗಿ ಹಾಕಿದವು. ಇಳಿದದ್ದು ಬೆಟಾಲಿಯನ್ ಅಲ್ಲ, ಇಡೀ ಬ್ರಿಗೇಡ್, 5,000 ಜನ ಎಂಬ ಸುದ್ದಿ ಹಬ್ಬಿತು. ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನೆಯ ಜನರಲ್ ನಿಯಾಜಿಯ ಎದೆ ಕುಸಿಯಲು ಇದೂ ಒಂದು ಕಾರಣ ಎನ್ನುವವರಿದ್ದಾರೆ. ಈ ಕಥೆಯನ್ನು ರಾವ್ ಅವರೇ ಮುಂದೆ ಬರೆದುಕೊಂಡರು.

ನಮ್ಮ ಕೆಲಸದವರು ಇದನ್ನು ನಗುತ್ತಾ ಹೇಳುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಕಸುಬಿನ ಪಾಠವೊಂದು ಕಾಣುತ್ತಿತ್ತು. ದೂರದಿಂದ ತೆಗೆದ ಪ್ಯಾರಾಚೂಟ್ ಚಿತ್ರ ಆಗ್ರಾದ್ದಾದರೂ ಒಂದೇ, ತಂಗೈಲ್‌ನದ್ದಾದರೂ ಒಂದೇ. ಬಿಳಿ ಚುಕ್ಕೆಗಳಿಗೆ ಮುಖವಿಲ್ಲ. ಯಾರು ಬಿದ್ದರು, ಹೇಗೆ ಬಿದ್ದರು ಎಂದು ಗೊತ್ತಾಗಬೇಕಾದರೆ ಫೋಟೋ ತೆಗೆಯುವವನೂ ಪಕ್ಕದಲ್ಲೇ ಬೀಳಬೇಕು. ಸ್ಕೈಡೈವಿಂಗ್ ಫೋಟೋಗ್ರಫಿ ಅಂದರೆ ಅಷ್ಟೇ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂಬುದೆಲ್ಲ ಈ ಒಂದು ಹಟದ ಹಿಂದೆ ಬಂದ ತೊಂದರೆಗಳು.

ತೊಂದರೆಗಳಿಗೆ ಹಳೆಯ ವಂಶಾವಳಿಯೇ ಇದೆ. 1858ರಲ್ಲಿ ಪ್ಯಾರಿಸಿನ ನಾದಾರ್ ಬಲೂನಿನ ಬುಟ್ಟಿಯಲ್ಲಿ ಕೂತು ಮೇಲಿಂದ ಫೋಟೋ ತೆಗೆಯಲು ಹೋದ. ಆಗಿನ ಒದ್ದೆ ಗಾಜಿನ ಪ್ಲೇಟಿಗೆ ಬುಟ್ಟಿಯಲ್ಲೇ ರಾಸಾಯನಿಕ ಬಳಿದು ಅಲ್ಲೇ ತೊಳೆಯಬೇಕಿತ್ತು. ಬಲೂನಿನ ಬಾಯಿಂದ ಸೋರುವ ಗ್ಯಾಸು ಪ್ಲೇಟುಗಳನ್ನೆಲ್ಲ ಕಪ್ಪು ಮಾಡಿಬಿಡುತ್ತಿತ್ತು; ಬಾಯಿ ಮುಚ್ಚಿ ಏರಿದ ಮೇಲೆಯೇ ಚಿತ್ರ ಮೂಡಿದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧಿ ಅಂಗಡಿಯವ ಯೂಲಿಯುಸ್ ನೊಯ್‌ಬ್ರೋನರ್ ತನ್ನ ಪಾರಿವಾಳಗಳ ಎದೆಗೆ ಕ್ಯಾಮೆರಾ ಕಟ್ಟಿದ. ಪಾರಿವಾಳ ಹೊರುವ ಭಾರಕ್ಕೆ ಮಿತಿ ಇತ್ತು, ಸುಮಾರು 75 ಗ್ರಾಂ. ಅವನು ಲೆನ್ಸಿನಿಂದ ಲೆಕ್ಕ ಶುರು ಮಾಡಲಿಲ್ಲ, ಹಕ್ಕಿಯ ಎದೆಯಿಂದ ಶುರು ಮಾಡಿದ. ಶಟರ್ ಒತ್ತಲು ಹಕ್ಕಿಗೆ ಕೈಯಿಲ್ಲವಲ್ಲ, ಗಾಳಿ ನಿಧಾನವಾಗಿ ಸೋರಿ ತಾನೇ ಕ್ಲಿಕ್ ಆಗುವ ಉಪಾಯ ಇಟ್ಟ.

ಕೈಯಿಲ್ಲದ ಕ್ಯಾಮೆರಾ ನಮ್ಮ ಕಡೆಗೂ ಬಂತು, ಬೇರೆ ಕಾರಣಕ್ಕೆ. ಕೊಡಗು ಮೈಸೂರು ಎರಡೂ ಜಿಲ್ಲೆಗೆ ಸೇರಿದ ನಾಗರಹೊಳೆಯಲ್ಲಿ 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸಲು ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ಹುಲಿ ನಡುವೆ ಹಾದರೆ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತದೆ. ಎರಡು ಬದಿ ಯಾಕೆಂದರೆ ಹುಲಿಯ ಬಲ ಮಗ್ಗುಲಿನ ಪಟ್ಟೆಗೂ ಎಡ ಮಗ್ಗುಲಿನ ಪಟ್ಟೆಗೂ ಹೊಂದಿಕೆಯಿಲ್ಲ. ಅಲ್ಲಿಯೂ ಬೇಕಾದದ್ದು ಹತ್ತಿರದ ಚಿತ್ರವೇ. ಪಟ್ಟೆ ಓದಲು ಬಾರದ ಹುಲಿಯ ಫೋಟೋ ಗೋಡೆಗೆ ಚೆಂದ, ಲೆಕ್ಕಕ್ಕೆ ಬರುವುದಿಲ್ಲ.

ಮತ್ತೆ ಆಕಾಶಕ್ಕೆ. 1960ರ ಆಗಸ್ಟ್ 16ರಂದು ಅಮೆರಿಕದ ಜೋ ಕಿಟಿಂಗರ್ 1,02,800 ಅಡಿ ಎತ್ತರದ ಬಲೂನಿನಿಂದ ಜಿಗಿದ. ಆ ಫೋಟೋವನ್ನು ನೋಡದವರು ಕಡಿಮೆ: ಕೆಳಗೆ ಮೋಡ, ನಡುವೆ ಒಬ್ಬ ಮನುಷ್ಯನ ಬೆನ್ನು. ತೆಗೆದದ್ದು ಬುಟ್ಟಿಗೆ ಬಿಗಿದಿದ್ದ, ತಾನೇ ಕ್ಲಿಕ್ಕಿಸುವ ಕ್ಯಾಮೆರಾ. ದೊಡ್ಡ ಫೋಟೋ ಅದು, ಒಪ್ಪುತ್ತೇನೆ. ಆದರೆ ಮುಖ ಇಲ್ಲ. ಅವನ ಜೊತೆ ಬೀಳಲು ಇನ್ನೊಬ್ಬ ಇರಲಿಲ್ಲ.

ಜೊತೆ ಬೀಳುವವರು ಆ ದಶಕದಲ್ಲೇ ತಯಾರಾದರು, ಬಂದೂಕಿನ ಕ್ಯಾಮೆರಾ ಹೊತ್ತುಕೊಂಡು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಅಡಿ ಫಿಲ್ಮು. ಸೆಕೆಂಡಿಗೆ 24 ಫ್ರೇಮಿನಂತೆ 83 ಸೆಕೆಂಡಿಗೆ ಮುಗಿಯುತ್ತದೆ. 12,500 ಅಡಿಯಿಂದ ಜಿಗಿದವರು ಪ್ಯಾರಾಚೂಟ್ ಬಿಚ್ಚುವವರೆಗೆ ಬೀಳುವುದು ಸುಮಾರು ಒಂದು ನಿಮಿಷ. ಶತ್ರುವಿಮಾನಕ್ಕೆಂದು ತುಂಬಿಸಿದ ಫಿಲ್ಮಿನ ಉದ್ದ ಜಿಗಿತಕ್ಕೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂತಿತು. ಲೆನ್ಸು ಮಾತ್ರ ಕೂರಲಿಲ್ಲ. ಬಂದೂಕಿನ ಕ್ಯಾಮೆರಾದ ಲೆನ್ಸು ನೂರಾರು ಗಜ ಮುಂದಿರುವ ವಿಮಾನ ನೋಡಲು ಮಾಡಿದ್ದು, ನೋಟ ಕಿರಿದು. ಎರಡು ಮಾರು ದೂರದಲ್ಲಿರುವ ಗೆಳೆಯನ ಮೂಗು ಮಾತ್ರ ಸಿಕ್ಕರೆ ಏನು ಮಾಡುವುದು? ಅದನ್ನು ಬಿಚ್ಚಿ ಅಗಲ ನೋಟದ ಲೆನ್ಸು ಹಾಕಿದರು. ಕ್ಯಾಮೆರಾಕ್ಕೆ 24 ವೋಲ್ಟ್ ಬೇಕು, ಅದಕ್ಕೊಂದು ಬ್ಯಾಟರಿ ಕಟ್ಟು ಮೈಗೆ ಸುತ್ತಿಕೊಂಡರು. ಕಣ್ಣೆದುರು ಗುರಿ ಹಿಡಿಯಲು ಒಂದು ಸಣ್ಣ ಉಂಗುರ. ಗುರಿ ಅಂದರೆ ನಿಜವಾಗಿ ಕುತ್ತಿಗೆ: ಎತ್ತ ತಲೆ ತಿರುಗಿಸಿದರೆ ಅತ್ತ ಚಿತ್ರ.

ಈ ಸಾಲಿನ ದೊಡ್ಡ ಹೆಸರು ಕಾರ್ಲ್ ಬೋನಿಷ್. ಇಂಜಿನಿಯರ್ ಕೆಲಸ ಬಿಟ್ಟು ಆಕಾಶದ ಸಿನಿಮಾಕ್ಕೆ ಬಂದವನು. ಜಾನ್ ಫ್ರಾಂಕನ್‌ಹೈಮರ್ 1969ರಲ್ಲಿ ತೆಗೆದ ‘ದಿ ಜಿಪ್ಸಿ ಮಾತ್ಸ್’ ಚಿತ್ರದ ಜಿಗಿತಗಳನ್ನು ಹೆಲ್ಮೆಟ್ ಕ್ಯಾಮೆರಾದಲ್ಲಿ ಹಿಡಿದವರಲ್ಲಿ ಅವನೊಬ್ಬ. ಆಮೇಲೆ ವಿಮಾನ ಬಿಟ್ಟು ಬಂಡೆಗಳಿಂದ ಜಿಗಿಯುವ ಹುಚ್ಚು ಹತ್ತಿ, 1984ರಲ್ಲಿ ನಾರ್ವೆಯಲ್ಲಿ ಅಂಥದ್ದೇ ಜಿಗಿತದಲ್ಲಿ ತೀರಿಕೊಂಡ. ಸ್ಥಿರಚಿತ್ರದಲ್ಲಿ ಆ್ಯಂಡಿ ಕೀಚ್ 1974ರಲ್ಲಿ ‘ಸ್ಕೈಸ್ ಕಾಲ್’ ಎಂಬ ಪುಸ್ತಕ ತಂದ. ಆ ಕಸುಬಿನವರ ಮನೆಯಲ್ಲಿ ಅದು ಇವತ್ತಿಗೂ ಇರುತ್ತದೆ. ಕೈಗಳು ಗಾಳಿಯಲ್ಲಿ ಮೈ ಹಿಡಿದು ನಿಲ್ಲಿಸುವ ಕೆಲಸದಲ್ಲಿರುವುದರಿಂದ ಶಟರ್ ಬಾಯಿಗೆ ಬಂತು. ಹಲ್ಲಲ್ಲಿ ಕಚ್ಚಿದರೆ ಕ್ಲಿಕ್ ಆಗುವ ಸ್ವಿಚ್ಚು ಒಂದು, ನಾಲಗೆಯಿಂದ ಒತ್ತುವುದು ಇನ್ನೊಂದು, ಊದುವುದು ಮತ್ತೊಂದು. ನೊಯ್‌ಬ್ರೋನರ್‌ನ ಪಾರಿವಾಳಕ್ಕಿಂತ ಒಂದು ಹೆಜ್ಜೆ ಮುಂದೆ, ಅಷ್ಟೇ.

ಆಗ ನಮ್ಮ ದೇಶದಲ್ಲಿ ಜಿಗಿಯುವುದು ಸೈನಿಕರ ಕೆಲಸ. 1941ರಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಶುರುವಾದಾಗ ಮೊದಲು ಹಾರಿದ ಭಾರತೀಯರಲ್ಲಿ ಡಾಕ್ಟರ್ ರಂಗರಾಜ್ ಇದ್ದರು. ಮುಂದೆ ಕೊರಿಯಾ ಯುದ್ಧದಲ್ಲಿ ಮಹಾವೀರ ಚಕ್ರ ಪಡೆದವರು. ಆಗ್ರಾ ಈ ವಿದ್ಯೆಯ ತವರು. ವಾಯುಪಡೆಯ ‘ಆಕಾಶ್ ಗಂಗಾ’ ತಂಡ ಅಲ್ಲೇ 1987ರಲ್ಲಿ ಹುಟ್ಟಿತು. ಯಲಹಂಕದ ಏರೋ ಇಂಡಿಯಾದಲ್ಲಿ ತ್ರಿವರ್ಣದ ಹೊಗೆ ಬಿಡುತ್ತಾ ಇಳಿಯುವುದನ್ನು ಕನ್ನಡ ನಾಡಿನವರೂ ನೋಡಿದ್ದಾರೆ. ದುಡ್ಡು ಕೊಟ್ಟು ಹಾರುವ ಅವಕಾಶ ಮೈಸೂರಿಗೆ ಬಂದದ್ದು ತೀರಾ ಈಚೆಗೆ. ತರಬೇತುದಾರನ ಎದೆಗೆ ಕಟ್ಟಿಸಿಕೊಂಡು ಜಿಗಿಯುವ ಟ್ಯಾಂಡಮ್ ಜಿಗಿತದ ಶಿಬಿರಗಳು ಅಲ್ಲಿ ನಡೆದಿವೆ. ನಮ್ಮ ಕೊಡಗಿಗೆ ಅದು ಒಗ್ಗುವುದಲ್ಲ. ಇಳಿಯಬೇಕಾದಲ್ಲಿ ಸಿಲ್ವರ್ ಓಕ್ ಮರ, ಮರಕ್ಕೆ ಕರಿಮೆಣಸಿನ ಬಳ್ಳಿ, ಮೇಲೆ ಮಂಜು. ಪೊನ್ನಂಪೇಟೆ ಕಡೆ ಮೈಕ್ರೋಲೈಟ್ ಹಾರಿಸಿದ್ದೇ ನಮ್ಮ ದೊಡ್ಡ ಸಾಹಸ.

ಟ್ಯಾಂಡಮ್ ಬಂದ ಮೇಲೆಯೇ ಈ ಫೋಟೋಗ್ರಫಿ ಹೊಟ್ಟೆಪಾಡಿನ ಕಸುಬಾಯಿತು. ಜೀವಮಾನದಲ್ಲಿ ಒಂದೇ ಸಲ ಹಾರುವವನಿಗೆ ಸಾಕ್ಷಿ ಬೇಕು, ಸಾಕ್ಷಿಗೆ ದುಡ್ಡು ಕೊಡುತ್ತಾನೆ. 1980ರ ದಶಕದಲ್ಲಿ ವಿಡಿಯೋ ಕ್ಯಾಮೆರಾ ತಲೆಯ ಮೇಲೆ, ರೆಕಾರ್ಡರ್ ಮೈಗೆ, ನಡುವೆ ವೈರು. ಹೊಟ್ಟೆಗೂ ತಲೆಗೂ ಸಂಬಂಧ ಕಲ್ಪಿಸಿದ ಆ ವೈರು ಪ್ಯಾರಾಚೂಟ್ ಹಗ್ಗಕ್ಕೆ ಸಿಕ್ಕಿದರೆ ಕಥೆ ಮುಗಿಯಿತು. 1985ರಲ್ಲಿ ಸೋನಿಯ ಹ್ಯಾಂಡಿಕ್ಯಾಮ್ ಬಂದು ಎರಡನ್ನೂ ಒಂದು ಮಾಡಿತು. 1989ರ ಟಿಆರ್-55 ಮಾದರಿ 790 ಗ್ರಾಂಗೆ ಇಳಿಯಿತು. ಡಿಜಿಟಲ್ ಕಾಲದಲ್ಲಿ ಕ್ಯಾನನ್‌ನ ಅಗ್ಗದ ರೆಬೆಲ್ ಸಾಲಿನ ಎಸ್‌ಎಲ್‌ಆರ್‌ಗಳು ಈ ಕಸುಬಿನವರ ಹೆಲ್ಮೆಟ್ ಮೇಲೆ ಬಹಳ ಕಂಡವು. ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಇರಲಿಲ್ಲವೆಂದಲ್ಲ. ದೊಡ್ಡ ಕ್ಯಾಮೆರಾಗಳ ಬಾಡಿ ಭಾರ. ರೆಬೆಲ್ ಹಗುರ, ಅದರ ರಿಮೋಟ್ ತೂತು ಸಾಧಾರಣ 2.5 ಮಿಲಿಮೀಟರ್ ಜ್ಯಾಕ್ ಆದ್ದರಿಂದ ಕಚ್ಚುವ ಸ್ವಿಚ್ಚನ್ನು ಮನೆಯಲ್ಲೇ ಬೆಸುಗೆ ಹಾಕಿಕೊಳ್ಳಬಹುದಿತ್ತು. ಕಸುಬಿನವರು ಕ್ಯಾಮೆರಾ ಆರಿಸುವುದು ಹೀಗೆ. ಜಾಹೀರಾತಿನಲ್ಲಿ ತೂತಿನ ಸುದ್ದಿ ಇರುವುದಿಲ್ಲ.

ತೂಕದ ವಿಷಯ ತಂಗಿಯ ಮಗಳಿಗೆ ಬಿಡಿಸಿ ಹೇಳಿದೆ. ಬೀಳುವಾಗ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗ. ಪ್ಯಾರಾಚೂಟ್ ಬಿಚ್ಚಿಕೊಂಡಾಗ ಆ ವೇಗ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಆಗ ತಲೆಯ ಮೇಲಿನ ಒಂದು ಕಿಲೋ ಮೂರು ನಾಲ್ಕು ಕಿಲೋ ಆಗುತ್ತದೆ, ಬಿಚ್ಚುವಿಕೆ ಒರಟಾದರೆ ಇನ್ನೂ ಹೆಚ್ಚು. ಕ್ಯಾಮೆರಾ ಹೆಲ್ಮೆಟ್ಟಿನ ಒಂದೇ ಬದಿಗಿದ್ದರೆ ಕುತ್ತಿಗೆ ತಿರುಚಿಕೊಳ್ಳುತ್ತದೆ. ಈ ಕಸುಬಿನ ಹಳಬರಲ್ಲಿ ಕುತ್ತಿಗೆ ನೋವಿನ ಮಾತಾಡದವರು ಸಿಗುವುದಿಲ್ಲ. 2014ರಲ್ಲಿ ಬಂದ ಸೋನಿ ಎ6000, ಬ್ಯಾಟರಿ ಸೇರಿ 344 ಗ್ರಾಂ; ಅದಕ್ಕೆ 67 ಗ್ರಾಮಿನ 16 ಮಿಲಿಮೀಟರ್ ಚಪ್ಪಟೆ ಲೆನ್ಸು. ಎರಡೂ ಸೇರಿ ಅರ್ಧ ಕಿಲೋಗಿಂತ ಕಡಿಮೆ. ಇದಕ್ಕಿಂತ ಚೂಪಾದ ಲೆನ್ಸುಗಳು ಬೇಕಾದಷ್ಟಿವೆ. ಕುತ್ತಿಗೆ ಒಂದೇ.

ಲೆನ್ಸಿಗೆ ಬಂದರೆ, ಬಾಳೆ ಕಡಿಯುವ ಶಾಸ್ತ್ರದ ಫೋಟೋ ತೆಗೆದವನಿಗೆ ಅರ್ಥ ಮಾಡಿಸುವ ಅಗತ್ಯವಿಲ್ಲ. ಕೊಡವರ ಮದುವೆಯಲ್ಲಿ ಕತ್ತಿ ಬಾಳೆದಿಂಡಿಗೆ ಬೀಳುವ ಗಳಿಗೆಯನ್ನು ಉದ್ದ ಲೆನ್ಸಿನಲ್ಲಿ ದೂರ ನಿಂತು ತೆಗೆದರೆ ನಡುವೆ ನಾಲ್ಕು ತಲೆ ಅಡ್ಡ ಬರುತ್ತವೆ, ಹೊಡೆತಕ್ಕೆ ಬಲವೂ ಇರುವುದಿಲ್ಲ. ಅಗಲ ಲೆನ್ಸು ಹಾಕಿ ಹತ್ತಿರ ಹೋಗಿ, 1/500 ಸೆಕೆಂಡಿನಲ್ಲಿ ತೆಗೆದರೆ ಬಾಳೆಯ ನೀರು ಚಿಮ್ಮುವುದೂ ಕಾಣುತ್ತದೆ, ಕಡಿಯುವವರ ಕಣ್ಣೂ ಕಾಣುತ್ತದೆ. ಹೆಂಗಸರು “ದೂರ ನಿಲ್ಲಿ” ಎಂದು ಕೂಗುತ್ತಿರುತ್ತಾರೆ, ಅದು ಬೇರೆ.

ಆಕಾಶದಲ್ಲೂ ಟ್ಯಾಂಡಮ್ ಜೋಡಿಯಿಂದ ಫೋಟೋಗ್ರಾಫರ್ ಇರುವುದು ಎರಡರಿಂದ ನಾಲ್ಕು ಮೀಟರ್. ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 15ರಿಂದ 18 ಮಿಲಿಮೀಟರ್ ಸಾಕು. 15 ಮಿಲಿಮೀಟರ್ ಲೆನ್ಸನ್ನು ಎಫ್/8ಕ್ಕೆ ಇಟ್ಟು ಒಂದೂವರೆ ಮೀಟರಿಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ಆಟೋ ಫೋಕಸ್ಸಿನ ಗೋಜೇ ಬೇಡ. ಇಟ್ಟ ಫೋಕಸ್ಸು ಅಲುಗದಂತೆ ಉಂಗುರದ ಮೇಲೆ ಬಟ್ಟೆಯ ಟೇಪು ಸುತ್ತುವುದು ಕಸುಬಿನ ಹಳೆಯ ಪದ್ಧತಿ. ಜೂಮ್ ಲೆನ್ಸಾದರೆ ಜೂಮಿಗೂ ಟೇಪು. ಸಾವಿರಾರು ರೂಪಾಯಿಯ ಜೂಮ್ ಕೊಂಡು ಹತ್ತು ರೂಪಾಯಿ ಟೇಪಿನಲ್ಲಿ ಕಟ್ಟಿಹಾಕುವುದಾದರೆ ಜೂಮ್ ಯಾಕೆ ಎಂದು ಕೇಳಿದೆ. ಅವಳು ನಕ್ಕಳು. ಮೀನುಗಣ್ಣಿನ ಲೆನ್ಸಿನ ಆಸೆ ಅವಳಿಗೆ ಇತ್ತು. ಅದರಲ್ಲಿ ದಿಗಂತ ಬಿಲ್ಲಾಗುತ್ತದೆ, ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗುತ್ತದೆ. ಒಂದೆರಡು ಚಿತ್ರಕ್ಕೆ ತಮಾಷೆ, ಆಮೇಲೆ ಎಲ್ಲರೂ ಒಬ್ಬರಂತೆಯೇ ಕಾಣುತ್ತಾರೆ. ಮುಖಕ್ಕಾಗಿ ಅಷ್ಟು ಹತ್ತಿರ ಹೋಗಿ ಮುಖವನ್ನೇ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ನೀರು. ನಾಲ್ಕು ಕಿಲೋಮೀಟರ್ ಮೇಲೆ ಹೋದರೆ ಮೈಸೂರಿನ ಬಿಸಿಲು ಇಪ್ಪತ್ತೈದು ಡಿಗ್ರಿಯಷ್ಟು ಇಳಿದಿರುತ್ತದೆ. ತಣ್ಣಗಾದ ಗಾಜು ಕೆಳಗಿನ ತೇವದ ಗಾಳಿಗೆ ಬಂದಾಗ ಮಬ್ಬು ಹಿಡಿಯುತ್ತದೆ. ಒರೆಸಿ ಚೀಲಕ್ಕೆ ಹಾಕಿದರೆ ಒಳಗಿನ ತೇವ ಹೋಗುವುದಿಲ್ಲ, ದಿನ ಕಳೆದಂತೆ ಫಂಗಸ್ ಜೇಡರ ಬಲೆಯಂತೆ ಹರಡುತ್ತದೆ. ಕಕ್ಕಡದಲ್ಲಿ ನಾವು ಕ್ಯಾಮೆರಾಗಳನ್ನು 40 ವಾಟ್ ಬಲ್ಬ್ ಉರಿಯುವ ಕಪಾಟಿನಲ್ಲಿ ಇಡುತ್ತಿದ್ದೆವು. ಅಂಥ ಬಲ್ಬು ಅಪರೂಪವಾದ ಈ ಕಾಲದಲ್ಲಿ ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಅಷ್ಟು ಸಾಕು.

ಗೋಪ್ರೋ ಬಗ್ಗೆ ಕೇಳಿಯೇ ಕೇಳಿದಳು. ಸರ್ಫಿಂಗ್ ಮಾಡುವವರ ಮಣಿಕಟ್ಟಿಗೆಂದು 2004ರಲ್ಲಿ 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾವಾಗಿ ಹುಟ್ಟಿದ್ದು ಅದು. ಡಿಜಿಟಲ್ ಆದ ಮೇಲೆ ನೂರೈವತ್ತು ಗ್ರಾಮಿನ ಆಸುಪಾಸಿನಲ್ಲಿ ಎಲ್ಲರ ತಲೆಗೂ ಏರಿತು. ತೂಕದ ಕಷ್ಟ ತೀರಿಸಿತು, ನಿಜ. ಹೊಸ ಕಷ್ಟವನ್ನೂ ತಂದಿತು. ಭಾರವಿದ್ದಾಗ ಹೆದರಿಕೆ ಇತ್ತು, ಕಲಿತವನೇ ಕಟ್ಟಿಕೊಳ್ಳುತ್ತಿದ್ದ. ಸಣ್ಣದಾದ ಮೇಲೆ ನಿನ್ನೆ ಕಲಿಯಲು ಬಂದವನೂ ಕಟ್ಟಿಕೊಳ್ಳುತ್ತಾನೆ. ಪ್ಯಾರಾಚೂಟಿನ ಹಗ್ಗ ಸಿಕ್ಕಿಕೊಳ್ಳಲು ಹೆಬ್ಬೆರಳಿನಷ್ಟು ಚಾಚು ಸಾಕು. ಮನಸ್ಸು ಚಿತ್ರದಲ್ಲಿದ್ದು ಕೈಗೆ ಕಟ್ಟಿದ ಎತ್ತರದ ಮೀಟರ್ ನೋಡುವುದು ಮರೆತರೆ ಹಗ್ಗವೂ ಬೇಡ. ಅದಕ್ಕೇ ಅಮೆರಿಕದ ಪ್ಯಾರಾಚೂಟ್ ಸಂಘ, ಎಷ್ಟೇ ಸಣ್ಣ ಕ್ಯಾಮೆರಾ ಆಗಲಿ, 200 ಜಿಗಿತ ಮುಗಿಸಿದ ಮೇಲೆಯೇ ಕಟ್ಟಿಕೊಳ್ಳಿ ಎನ್ನುತ್ತದೆ. ಹೆಲ್ಮೆಟ್ಟಿಗೆ ಒಂದೇ ಎಳೆತಕ್ಕೆ ಕಳಚುವ ಗಲ್ಲಪಟ್ಟಿ ಬೇಕು; ಹಗ್ಗ ಸಿಕ್ಕಿದರೆ ಕ್ಯಾಮೆರಾ, ಲೆನ್ಸು, ಹೆಲ್ಮೆಟ್ಟು ಎಲ್ಲವನ್ನೂ ಗಾಳಿಗೆ ಬಿಡಲು ಮನಸ್ಸು ಗಟ್ಟಿ ಇರಬೇಕು. ಬಿಡಲಾಗದಷ್ಟು ಬೆಲೆಯ ಕ್ಯಾಮೆರಾವನ್ನು ತಲೆಗೆ ಕಟ್ಟಿಕೊಳ್ಳಲೇಬಾರದು. ಬೆಲೆಯ ವಿಷಯದಲ್ಲಿ ನಾನು ಕೊಟ್ಟ ಸಲಹೆ ಅದೊಂದೇ.

ಕೊನೆಗೆ ಅವಳಿಗೆ ಬರೆದು ಕಳಿಸಿದ ಪಟ್ಟಿ ಚಿಕ್ಕದು: ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವ ಹಗುರ ಮಿರರ್‌ಲೆಸ್ ಬಾಡಿ, 16 ಮಿಲಿಮೀಟರ್ ಲೆನ್ಸು, ಕಚ್ಚುವ ಸ್ವಿಚ್ಚು, ಟೇಪು, ಗಲ್ಲಪಟ್ಟಿ ಸರಿಯಿರುವ ಹೆಲ್ಮೆಟ್ಟು. “ಈಗಲೇ ಆರ್ಡರ್ ಮಾಡ್ಲಾ ಮಾವ?” ಎಂದಳು. ಜಿಗಿತ ಎಷ್ಟಾಯಿತು ಎಂದು ಕೇಳಿದೆ. ಇನ್ನೂರಕ್ಕೆ ಇನ್ನೂ ಬಹಳ ಬಾಕಿ ಇತ್ತು. ಹಾಗಾದರೆ ಈಗ ಬೇಡ.